ಸಾಂಬಾರು ಬಿಸಿ ಮಾಡಲು ಹೋಗಿ

ಊರಲ್ಲಿದ್ದಾಗ ನನಗೆ ಅಭಿಪ್ರಾಯಗಳಿಗೆ ಎಂದೂ ಬರಗಾಲ ಬಂದದ್ದಿಲ್ಲ. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಚೀನಾದ ವಿಷಯ ಇನ್ನೂ ಅರ್ಧಕ್ಕಿದೆ ಎಂದು, ಎದುರಿಗೆ ಬಂದು ನಿಂತ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದವನು ನಾನು. ಕೆಲಸದ ಮೇಲೆ ಫಿಲಿಪೀನ್ಸ್‌ನ ಮನಿಲಾಕ್ಕೆ ಬಂದು ಪಾಸಿಗ್‌ನಲ್ಲಿ ಮನೆ ಹಿಡಿದ ಮೇಲೂ ಈ ಚಟ ಬಿಡಲಿಲ್ಲ. ಇಲ್ಲಿಯ ಭಾಷೆ ಇವತ್ತಿಗೂ ಸರಿಯಾಗಿ ಬಾರದು. ಆದರೆ ಇಲ್ಲಿಯ ಹಾಡು, ರಾಜಕೀಯ, ಕರೆಂಟು, ಆಟ ಎಲ್ಲದರ ಬಗ್ಗೆಯೂ ಮೊದಲ ತಿಂಗಳಲ್ಲೇ ಅಭಿಪ್ರಾಯ ಬಂದುಬಿಟ್ಟಿತ್ತು.

ಭಾಷೆಯ ಕತೆ ಒಂದನ್ನು ಹೇಳಿಬಿಡುತ್ತೇನೆ. ಇಲ್ಲಿ ಅಕ್ಕನಿಗೆ 'ಆತೆ' ಅನ್ನುತ್ತಾರೆ, ಅಣ್ಣನಿಗೆ 'ಕುಯಾ', ಅಜ್ಜಿಗೆ 'ಲೋಲಾ'. ಅಂಗಡಿಯವಳೂ ಆತೆಯೇ, ನೀರಿನ ಕ್ಯಾನ್ ತರುವವಳೂ ಆತೆಯೇ. ಮಾತಿಗೆ ಮರ್ಯಾದೆ ಸೇರಿಸಬೇಕಾದರೆ ನಮ್ಮ 'ರೀ' ಇದ್ದ ಹಾಗೆ ಕೊನೆಗೊಂದು 'ಪೋ' ಹಚ್ಚಬೇಕು. ಬಂದ ಹೊಸತರಲ್ಲಿ ಒಂದು ದಿನ ಪುತ್ತೂರಿನಿಂದ ಹೆಂಡತಿಯ ತಾಯಿ ವಿಡಿಯೋ ಕಾಲ್‌ನಲ್ಲಿದ್ದರು. ಅದೇ ಹೊತ್ತಿಗೆ ನೀರಿನವಳು ಬಾಗಿಲು ತಟ್ಟಿದಳು. ಮನೆಯಲ್ಲಿ ನೀರಿತ್ತು. ನಾನು ಬಹಳ ವಿನಯದಿಂದ, "ನೋ ನೀಡ್ ಪೋ, ಆತೆ!" ಎಂದೆ. ತುಳುವಿನಲ್ಲಿ 'ಪೋ' ಅಂದರೆ ಹೋಗು. ಅತ್ತೆಯವರು ಆಮೇಲೆ ಎರಡು ವಾರ ಫೋನನ್ನು ಮಗಳಿಗೆ ಮಾತ್ರ ಮಾಡಿದರು.

ಈಗ ವಿಷಯಕ್ಕೆ ಬರುತ್ತೇನೆ. 2025ರ ಮೇ 11, ಭಾನುವಾರ. ಅಂದು ಅಮ್ಮಂದಿರ ದಿನ. ನಮ್ಮ ಮನೆಯೊಡತಿ ಲೋಲಾಗೆ ಅಂದೇ ಎಂಬತ್ತು ತುಂಬಿತ್ತು. ಮಾರನೇ ದಿನ ದೇಶಕ್ಕೆ ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆ. ನಾವಿರುವುದು ಮಹಡಿಯಲ್ಲಿ, ಲೋಲಾ ಇರುವುದು ಕೆಳಗೆ. ಮೆಟ್ಟಿಲು ಇಳಿಯುವ ಮುಂಚೆ ಹೆಂಡತಿ ಎಚ್ಚರಿಸಿದಳು: "ಮಾರಾಯ್ರೆ, ಅಲ್ಲಿ ಎಲೆಕ್ಷನ್ ವಿಷಯ ಒಂದೂ ಮಾತಾಡ್ಬೇಡಿ ಆಯ್ತಾ? ಊಟ ಮಾಡಿ, ಹ್ಯಾಪಿ ಬರ್ತ್‌ಡೇ ಹೇಳಿ, ಬನ್ನಿ."

ಆಯಿತು ಎಂದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಅಂಗಿ ಮಾತಾಡಿಬಿಟ್ಟಿತ್ತು. ಇಸ್ತ್ರಿ ಆದದ್ದು ಅದೊಂದೇ ಎಂದು ಗುಲಾಬಿ ಅಂಗಿ ಹಾಕಿಕೊಂಡು ಹೋಗಿದ್ದೆ. 2022ರ ಅಧ್ಯಕ್ಷ ಚುನಾವಣೆಯಲ್ಲಿ ಗುಲಾಬಿ ಎಂದರೆ ಲೆನಿ ರೊಬ್ರೆಡೊ, ಕೆಂಪು ಎಂದರೆ ಮಾರ್ಕೋಸ್, ಹಸಿರು ದುತೆರ್ತೆ ಕಡೆಯವರದ್ದು. ಲೋಲಾಳ ಮೂರು ಮಕ್ಕಳು ಈ ಮೂರು ಬಣ್ಣಗಳನ್ನು ಆಸ್ತಿ ಪಾಲು ಮಾಡಿಕೊಂಡ ಹಾಗೆ ಹಂಚಿಕೊಂಡಿದ್ದರು. ದೊಡ್ಡ ಮಗ ಹಸಿರು, ಎರಡನೆಯವನು ಕೆಂಪು, ಮಗಳು ಗುಲಾಬಿ. ನನ್ನನ್ನು ಕಂಡದ್ದೇ ಮಗಳು ಓಡಿ ಬಂದು ಕೈಕುಲುಕಿದಳು. ಗಂಡುಮಕ್ಕಳಿಬ್ಬರೂ ಎದ್ದು ಅಡುಗೆಮನೆಗೆ ಹೋದರು.

ಇಲ್ಲಿ ಚುನಾವಣೆಯ ಹಿಂದಿನ ದಿನ ಮತ್ತು ಮತದಾನದ ದಿನ ಮದ್ಯ ಮಾರುವಂತಿಲ್ಲ, ಕುಡಿಯುವಂತಿಲ್ಲ. ಆದ್ದರಿಂದ ಎಲ್ಲರ ಕೈಯಲ್ಲೂ ಕಾಫಿ ಮಗ್ ಇತ್ತು. "ಕಾಫಿ" ಎಂದು ಹಸಿರು ಅಣ್ಣ ನನಗೂ ಒಂದು ಕೊಟ್ಟ. ತಣ್ಣಗಿತ್ತು, ಮೇಲೆ ಎರಡು ಬೆರಳು ನೊರೆ. ಫಿಲ್ಟರ್ ಕಾಫಿಯ ನೊರೆ ನೋಡಿಕೊಂಡೇ ಬೆಳೆದವನಿಗೆ ಇದು ಆ ವಂಶದ್ದಲ್ಲ ಎಂದು ತಿಳಿಯಲು ಕುಡಿಯಬೇಕಾಗಿಲ್ಲ. ನಮ್ಮೂರಿನ ಡ್ರೈ ಡೇ ನೆನಪಾಗಿ ಕಣ್ಣು ತುಂಬಿ ಬಂತು.

ಆಗ ಕೆಂಪು ಅಣ್ಣ ಜೇಬಿನಿಂದ ಮಡಚಿದ ಚೀಟಿ ತೆಗೆದ. ಸೆನೆಟ್‌ನಲ್ಲಿ 24 ಜನ, ಒಂದು ಸಲಕ್ಕೆ 12 ಜನರ ಆಯ್ಕೆ, ಇಡೀ ದೇಶವೇ ಒಂದು ಕ್ಷೇತ್ರ. ಹನ್ನೆರಡು ಹೆಸರು ಹುಡುಕಿ, ಪಕ್ಕದ ಮೊಟ್ಟೆಯಾಕಾರಕ್ಕೆ ಪೆನ್ನಿನಿಂದ ಕಪ್ಪು ತುಂಬಬೇಕು, ಸಿಇಟಿ ಬರೆದ ಹಾಗೆ. ಅಷ್ಟೂ ಹೆಸರು ಯಾರ ನೆನಪಿನಲ್ಲಿರುತ್ತದೆ? ಹಾಗಾಗಿ ಜನ ಚೀಟಿ ಬರೆದುಕೊಂಡು ಹೋಗುತ್ತಾರೆ. ಅದರ ಹೆಸರು 'ಕೊಡಿಗೊ'. ಶಾಲೆಯಲ್ಲಿ ಕಾಪಿ ಹೊಡೆಯುವ ಚೀಟಿಗೂ ಅದೇ ಹೆಸರು. "ಕಾಪಿ ಹೊಡೆದರೆ ಯಾರೂ ಹಿಡಿಯದ ಪರೀಕ್ಷೆ ಇದೊಂದೇ" ಎಂದೆ. ಮೂರೂ ಬಣ್ಣದವರು ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ನಗು ಕೇಳಿದರೆ ನನಗೆ ಏರು. ಚೀಟಿಯಲ್ಲಿ ಮ್ಯಾನಿ ಪಕ್ವಿಯಾವೊ ಹೆಸರಿತ್ತು. ಎಂಟು ತೂಕಗಳಲ್ಲಿ ವಿಶ್ವ ಚಾಂಪಿಯನ್ ಆದ ಬಾಕ್ಸರ್. ಆರು ವರ್ಷ ಸೆನೆಟರ್ ಆಗಿದ್ದು, ಅಧ್ಯಕ್ಷಗಿರಿಗೆ ನಿಂತು ಸೋತು, ಈಗ ಮತ್ತೆ ಸೆನೆಟ್‌ಗೆ ನಿಂತಿದ್ದ. "ಬಾಕ್ಸರ್‌ಗೆ ಕಾನೂನು ಮಾಡುವ ಕೆಲಸ ಯಾಕೆ ಪೋ?" ಎಂದು ಕೇಳಿಬಿಟ್ಟೆ. ಇಲ್ಲಿ ಸಿನಿಮಾ ನಟ ಜೋಸೆಫ್ ಎಸ್ಟ್ರಾಡಾ 1998ರಲ್ಲಿ ಅಧ್ಯಕ್ಷನಾಗಿದ್ದ, 2022ರ ಸೆನೆಟ್ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನು ಫೈಟಿಂಗ್ ಹೀರೊ ರಾಬಿನ್ ಪಡಿಲ್ಯಾ. ಇವನ್ನೆಲ್ಲ ಸೇರಿಸಿ ಒಂದು ಸಣ್ಣ ಭಾಷಣವೇ ಆಯಿತು. (ಮಂಡ್ಯದ ಕಡೆ ಒಮ್ಮೆ ತಿರುಗಿ ನೋಡಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.)

ಲೋಲಾ ಮೂಲೆಯ ಕುರ್ಚಿಯಿಂದಲೇ ಹೇಳಿದಳು: "ಅನಾಕ್, ಅವನು ನಮಗೋಸ್ಕರ ಪೆಟ್ಟು ತಿಂದವನು. ಉಳಿದವರಿಂದ ನಾವು ಪೆಟ್ಟು ತಿಂದಿದ್ದೇವೆ." ಅನಾಕ್ ಅಂದರೆ ಮಗು. ನಲವತ್ತೆರಡು ವರ್ಷದ ಮಗು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟಿನ ಮೇಲೆ ಮಾರ್ಚ್‌ನಲ್ಲಿ ಬಂಧನವಾಗಿ ಹೇಗ್ ನಗರದಲ್ಲಿದ್ದ ಮಾಜಿ ಅಧ್ಯಕ್ಷ ರೊಡ್ರಿಗೊ ದುತೆರ್ತೆ ಅಲ್ಲಿಂದಲೇ ದವಾವೊದ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಿದ್ದರು. "ದವಾವೊದ ಚರಂಡಿ ಕಟ್ಟಿದರೆ ನೆದರ್ಲೆಂಡ್ಸ್‌ಗೆ ಫೋನ್ ಮಾಡಬೇಕಾ?" ಎಂದೆ. ಹಸಿರು ಅಣ್ಣ ಮಗ್ ಅನ್ನು ಮೇಜಿನ ಮೇಲೆ ಇಟ್ಟ. ನಿಧಾನಕ್ಕೆ ಇಟ್ಟ, ಅದೇ ಭಯವಾದದ್ದು. ಹೆಂಡತಿ ನನ್ನ ತೋಳನ್ನು ಚಿವುಟಿ, "ಸಾಂಬಾರು ಬಿಸಿ ಮಾಡಿ ಹೋಗಿ" ಎಂದಳು.

ಸಾಂಬಾರು ಎಲ್ಲಿಂದ ಬಂತು ಎಂದರೆ, ನಾವು ಸಸ್ಯಾಹಾರಿಗಳು. ಇಲ್ಲಿ ತರಕಾರಿ ಎಂದು ಕೇಳಿದರೆ ತರಕಾರಿಯನ್ನೇ ಕೊಡುತ್ತಾರೆ, ರುಚಿಗೆ ಸ್ವಲ್ಪ ಹಂದಿಮಾಂಸ ಹಾಕಿ. ಅದಕ್ಕೆ ಔತಣಕ್ಕೆ ಹೋಗುವಾಗ ನಮ್ಮ ಅನ್ನ ಸಾಂಬಾರು ನಾವೇ ಒಯ್ಯುತ್ತೇವೆ. ಗ್ಯಾಸ್ ಒಲೆಯ ಮೇಲೆ ಇಡೀ ಕಡಾಯಿ ಪಾನ್ಸಿತ್ (ಇಲ್ಲಿಯ ನೂಡಲ್ಸ್) ಕೂತಿದ್ದರಿಂದ, ಊರಿಂದ ತಂದ ಇಂಡಕ್ಷನ್ ಒಲೆಯನ್ನು ಕೆಳಗೆ ತಂದೆ. ನಮ್ಮದು ಮೂರು ದುಂಡು ಪಿನ್ನು, ಇಲ್ಲಿಯದು ಎರಡು ಚಪ್ಪಟೆ ಪಿನ್ನು. ನಡುವೆ ಒಂದು ಅಡಾಪ್ಟರ್. ಗೋಡೆಯಲ್ಲಿ ಖಾಲಿ ಜಾಗವಿರಲಿಲ್ಲ. ಇದ್ದದ್ದು ಒಂದು ಎಕ್ಸ್‌ಟೆನ್ಷನ್ ಬೋರ್ಡು. ಅದರಲ್ಲಿ ಆಗಲೇ ರೈಸ್ ಕುಕ್ಕರ್, ಎರಡು ಫ್ಯಾನು ಮತ್ತು ವಿಡಿಯೋಕೆ ಯಂತ್ರ. ನಮ್ಮದನ್ನೂ ತುರುಕಿ, 2000 ವ್ಯಾಟ್ ಒತ್ತಿ ಹೊರಗೆ ಬಂದೆ.

ಅಷ್ಟರಲ್ಲಿ ಹಾಡು ಶುರುವಾಗಿತ್ತು. ವಿಡಿಯೋಕೆ ಎಂದರೆ ಬಾಡಿಗೆಗೆ ತಂದ, ಬೀರುವಿನಷ್ಟು ಎತ್ತರದ ಹಾಡುಯಂತ್ರ. ಇದನ್ನು ಕಂಡುಹಿಡಿದವರು ಜಪಾನಿನವರಲ್ಲವಾ ಎಂದು ಇನ್ನೊಂದು ಅಭಿಪ್ರಾಯ ಬಿಟ್ಟೆ. ಗುಲಾಬಿ ಅಕ್ಕನೂ ತಿರುಗಿಬಿದ್ದಳು: ರೊಬೆರ್ತೊ ದೆಲ್ ರೊಸಾರಿಯೊ ಪೇಟೆಂಟ್ ಮಾಡಿಸಿದ್ದು 1983ರಲ್ಲಿ, 1996ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿದಿದೆ! ಜಪಾನಿನ ಇನೊವೆ ಯಂತ್ರ ಮಾಡಿದ್ದು 1971ರಲ್ಲಿ, ಪೇಟೆಂಟ್ ಮಾಡಿಸಲಿಲ್ಲ ಅಷ್ಟೇ ಎಂದು ಹೇಳಲು ಹೊರಟವನು, ಹೆಂಡತಿಯ ಕೈಯ ಉಗುರು ನೋಡಿ ಸುಮ್ಮನಾದೆ.

ಯಂತ್ರ ಅಂಕ ಕೊಡುವ ರೀತಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಈಗಲೂ ಗಟ್ಟಿ. ಗುಲಾಬಿ ಅಕ್ಕ ಸುಶ್ರಾವ್ಯವಾಗಿ ಹಾಡಿದ್ದಕ್ಕೆ 73. ಮೂರು ವರ್ಷದ ಮೊಮ್ಮಗ ಮೈಕ್ ಬಾಯಿಗೆ ಇಟ್ಟುಕೊಂಡು ಕಿರುಚಿದ್ದಕ್ಕೆ 98, ಮೇಲೆ ತುತ್ತೂರಿ.

ನನ್ನ ಸರದಿ ಬಂತು. ಹಾಡಿನ ಪುಸ್ತಕ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ. ಪ್ಲಾಸ್ಟಿಕ್ ಹಾಳೆಗಳ ಮೇಲೆ ಹಿಂದಿನ ಔತಣಗಳ ಎಣ್ಣೆ ಬೆರಳಚ್ಚು. ಹಾಡಿನ ಎದುರಿಗಿರುವ ಸಂಖ್ಯೆಯನ್ನು ರಿಮೋಟಿನಲ್ಲಿ ಒತ್ತಬೇಕು. ನಾನೊಂದು ಹಳೆಯ ಇಂಗ್ಲಿಷ್ ಪ್ರೇಮಗೀತೆ ಆರಿಸಿ ಒತ್ತಿದೆ. ಬೆರಳು ಎಲ್ಲಿ ಜಾರಿತೋ, ಪರದೆಯ ಮೇಲೆ ಬಂದ ಹೆಸರು 'ಮೈ ವೇ'.

ಮನೆ ಗಪ್‌ಚುಪ್ಪಾಯಿತು. ಫ್ರಾಂಕ್ ಸಿನಾತ್ರಾ ಜನಪ್ರಿಯಗೊಳಿಸಿದ ಈ ಹಾಡು ಫಿಲಿಪೀನ್ಸ್‌ನಲ್ಲಿ ಸಾಮಾನ್ಯದ್ದಲ್ಲ. ಇದನ್ನು ಹಾಡುವಾಗ ಜಗಳವಾಗಿ ಕೊಲೆಗಳೇ ನಡೆದಿವೆ. ಎಷ್ಟೋ ಬಾರ್‌ನವರು ಪುಸ್ತಕದಿಂದ ಅದನ್ನು ತೆಗೆದೇಹಾಕಿದ್ದಾರೆ. ನನ್ನ ಎಡಕ್ಕೆ ಚರಂಡಿ ಜೋಕಿನ ಹಸಿರು ಅಣ್ಣ, ಬಲಕ್ಕೆ ಬಾಕ್ಸರ್ ಜೋಕಿನ ಕೆಂಪು ಅಣ್ಣ, ನಡುವೆ ಮೇಜಿನ ಮೇಲೆ ಹಂದಿ ಕೊಯ್ಯುವ ಕತ್ತಿ. ಪಿಯಾನೊ ಶುರುವಾಯಿತು. ಮೊದಲ ಸಾಲಿನ ಅಕ್ಷರಗಳು ಒಂದೊಂದಾಗಿ ಹಳದಿಯಾಗತೊಡಗಿದವು. ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡು ನಾನು ಬಾಯಿ ತೆರೆದೆ.

ಕರೆಂಟು ಹೋಯಿತು.

"ಬ್ರೌನ್‌ಔಟ್!" ಎಂದು ಮಕ್ಕಳು ಕೂಗಿದರು. ಕಣ್ಣು ಕಾಣದಷ್ಟು ಕತ್ತಲಾದರೂ ಇಲ್ಲಿ ಅದು ಬ್ರೌನ್‌ಔಟೇ. ಬ್ಲ್ಯಾಕ್‌ಔಟ್ ಅನ್ನುವಷ್ಟು ನಿರಾಶೆ ಇವರಿಗೆ ಬಂದಿಲ್ಲ. ಮೇಣದಬತ್ತಿ ಬಂತು. ಬತ್ತಿಯ ಜೊತೆಗೆ ಸಿಟ್ಟೂ ಹೊತ್ತಿಕೊಂಡಿತು. ಯೂನಿಟ್ಟಿಗೆ ಹೆಚ್ಚುಕಡಿಮೆ 12 ಪೆಸೊ ಕೊಡುತ್ತೇವೆ, ಏಷ್ಯಾದ ದುಬಾರಿ ಕರೆಂಟುಗಳಲ್ಲಿ ನಮ್ಮದೂ ಒಂದು, ಆದರೂ ಈ ಗತಿ! ಇದು ಚುನಾವಣೆಯ ಪಿತೂರಿ ಎಂದು ಹಸಿರು. ಬಾತಾನ್ ಸ್ಥಾವರ ಶುರು ಮಾಡಿದ್ದರೆ ಹೀಗಾಗುತ್ತಿತ್ತಾ ಎಂದು ಕೆಂಪು.

ಬಾತಾನ್ ಎಂದದ್ದೇ ಗುಲಾಬಿ ಅಕ್ಕ ಎದ್ದು ನಿಂತಳು. ಕೆಂಪು ಮಾರ್ಕೋಸ್‌ರ ಅಪ್ಪ ದೊಡ್ಡ ಮಾರ್ಕೋಸ್ ಆಳಿದ ಕಾಲದಲ್ಲಿ ಕಟ್ಟಿದ 621 ಮೆಗಾವ್ಯಾಟ್‌ನ ಅಣುಸ್ಥಾವರ ಅದು. 200 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. 1986ರಲ್ಲಿ ಜನ ಬೀದಿಗಿಳಿದು ಮಾರ್ಕೋಸ್‌ರನ್ನು ಓಡಿಸಿದರು, ಅದೇ ವರ್ಷ ಚೆರ್ನೋಬಿಲ್ ಸಿಡಿಯಿತು, ಸ್ಥಾವರಕ್ಕೆ ಬೀಗ ಬಿತ್ತು. ಒಂದು ಬಲ್ಬೂ ಅದರಿಂದ ಉರಿಯಲಿಲ್ಲ. ಸಾಲ ತೀರಿದ್ದು 2007ರಲ್ಲಿ. "ಉರಿಯದ ದೀಪಕ್ಕೆ ನನ್ನ ಅಪ್ಪನೂ ಕಟ್ಟಿದ, ನಾನೂ ಕಟ್ಟಿದೆ" ಎಂದಳು.

ಕತ್ತಲಲ್ಲಿ ಹೆಂಡತಿಯ ಕೈ ನನಗೆ ಎಟಕುತ್ತಿರಲಿಲ್ಲ. "ನಮ್ಮ ಜಿಲ್ಲೆಯ ಕೈಗಾದಲ್ಲಿ ಒಂದು ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು" ಎಂದೆ.

"ಹಾಗಾದರೆ ನಿಮ್ಮೂರಲ್ಲಿ ಬ್ರೌನ್‌ಔಟೇ ಇಲ್ಲ?" ಎಂದು ಕೆಂಪು ಅಣ್ಣ ಆಸೆಯಿಂದ ಕೇಳಿದ.

"ಇಲ್ಲ ಅಂತಲ್ಲ... ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೂರು ದಿನ..."

ಮಾತು ಮುಚ್ಚಿಹಾಕಲು ಗೃಹಜ್ಯೋತಿ ತೆಗೆದೆ. ಕರ್ನಾಟಕದಲ್ಲಿ ಮನೆಗೆ ತಿಂಗಳಿಗೆ 200 ಯೂನಿಟ್ ತನಕ ಪುಕ್ಕಟೆ ಎಂದೆ. ಕತ್ತಲಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಲೋಲಾ ಕೇಳಿದಳು: "ಹಾಗಾದರೆ ಇಲ್ಲಿಗೆ ಯಾಕೆ ಬಂದೆ ಅನಾಕ್?"

ಮಾತು ಬಾಸ್ಕೆಟ್‌ಬಾಲ್‌ಗೆ ಹೊರಳಿದ್ದು ನನ್ನ ಪುಣ್ಯ. 1975ರಲ್ಲಿ ಶುರುವಾದ ಇಲ್ಲಿಯ ಪಿಬಿಎ ಲೀಗ್‌ನಲ್ಲಿ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಯ ಹೆಸರು. ಬಿಯರ್‌ನವರದೊಂದು, ಪೇಂಟ್‌ನವರದೊಂದು, ಟೋಲ್ ರಸ್ತೆಯವರದೊಂದು. ಹಿಂದೆ ಹಾಟ್‌ಡಾಗ್ ಹೆಸರಿನ ತಂಡವೂ ಇತ್ತು. ಲೋಲಾಳ ತಂಡ ಬಾರಂಗಾಯ್ ಜಿನೆಬ್ರಾ, ಹೆಸರು ಜಿನ್ನಿನದು. "ನಮ್ಮ ಆರ್‌ಸಿಬಿ ವಿಸ್ಕಿ ಹೆಸರಿನದು!" ಎಂದು ಉತ್ಸಾಹದಿಂದ ಹೇಳಿದೆ. ಅಂದು ಸಂಜೆಯಿಂದ ಮೊದಲ ಬಾರಿಗೆ ಲೋಲಾ ನನ್ನನ್ನು ಮನೆಯವನ ಹಾಗೆ ನೋಡಿದಳು. "ಎಷ್ಟು ಕಪ್ಪು?" ಎಂದಳು. ಇದು ಆರ್‌ಸಿಬಿ ಮೊದಲ ಐಪಿಎಲ್ ಕಪ್ಪು ಗೆದ್ದ ಜೂನ್ 3ಕ್ಕೆ ಮುಂಚಿನ ಮಾತು. ಫ್ಯಾನ್ ಇಲ್ಲದ ಸೆಖೆಯಲ್ಲೂ ಬೆನ್ನು ತಣ್ಣಗಾಯಿತು.

ಉತ್ತರ ಹುಡುಕುತ್ತಿದ್ದಾಗ ಒಂದು ಹಾಡು ಕೇಳಿಸಿತು. ಪಕ್ಕದ ಮನೆಯ ವಿಡಿಯೋಕೆ. ನೆನೆಸಿಕೊಂಡರೆ, ಅರ್ಧ ಗಂಟೆಯಿಂದ ಕೇಳಿಸುತ್ತಲೇ ಇತ್ತು. ದೇಶದ ಚಿಂತೆಯಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ. ಹಿರಿಯ ಮೊಮ್ಮಗ ಕಿಟಕಿ ತೆರೆದ. ಬೀದಿ ತುಂಬ ದೀಪ.

ಅವನು ಮೊಬೈಲ್ ಟಾರ್ಚ್ ಹಿಡಿದು ಅಡುಗೆಮನೆಗೆ ಹೋದ. ಟಕ್ ಎಂದು ಬ್ರೇಕರ್ ಎತ್ತಿದ ಸದ್ದು. ಬೆಳಕು ಬಂತು. ಹುಡುಗ ಹೊರಗೆ ಬಂದಾಗ ಅವನ ಕೈಯಲ್ಲಿ ಮೂರು ದುಂಡು ಪಿನ್ನಿನ ಪ್ಲಗ್ಗು, ಅದರ ಮೂತಿಗೆ ಅರ್ಧ ಕರಗಿದ ಅಡಾಪ್ಟರು. ಹಸಿರು, ಕೆಂಪು, ಗುಲಾಬಿ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. 2022ರಿಂದ ಈಚೆಗೆ ಆ ಮನೆಯಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲಂತೆ. ಹೆಂಡತಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು.

ಲೋಲಾ ಪಾತ್ರೆಯ ಮುಚ್ಚಳ ಎತ್ತಿ, ಕುದಿದು ಉಕ್ಕಿದ ಸಾಂಬಾರಿಗೆ ಬೆರಳದ್ದಿ ನೆಕ್ಕಿದಳು. "ಬಾತಾನ್‌ಗಿಂತ ಜೋರಾಗಿದೆ" ಎಂದಳು. ಆಮೇಲೆ ಮೈಕ್ ಎತ್ತಿಕೊಂಡು, ಎಂಬತ್ತು ವರ್ಷದವಳನ್ನು ಯಾರು ಕೊಲ್ಲುತ್ತಾರೆ ನೋಡೋಣ ಎಂದು ಅದೇ ಹಾಡನ್ನು ಪೂರ್ತಿ ಹಾಡಿದಳು. ಮೂರೂ ಮಕ್ಕಳು ಕಣ್ಣೊರೆಸಿಕೊಂಡರು. ಯಂತ್ರ 64 ಕೊಟ್ಟಿತು.

ಮಾರನೇ ದಿನ ಬೆಳಗ್ಗೆ ಐದಕ್ಕೇ ಲೋಲಾ ಮತ ಹಾಕಿ ಬಂದಳಂತೆ. ಪಕ್ವಿಯಾವೊ ಸೋತ, ದುತೆರ್ತೆ ಹೇಗ್‌ನಿಂದಲೇ ದವಾವೊದ ಮೇಯರ್ ಚುನಾವಣೆ ಗೆದ್ದರು. ಚರಂಡಿಯ ವಿಷಯ ನಾನು ಮತ್ತೆ ಎತ್ತಿಲ್ಲ. ಅಂದು ಎಂಟು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಲೋಲಾ ನಮ್ಮ ಸಾಂಬಾರಿನ ಪಾತ್ರೆ ಹಿಡಿದು ನಿಂತಿದ್ದಳು. ಖಾಲಿ ಕೊಡಬಾರದೆಂದು ತುಂಬ ಪಾನ್ಸಿತ್ ಹಾಕಿದ್ದಳು.

"ನಿಮಗೋಸ್ಕರ ಬೇರೆ ಮಾಡಿದ್ದು. ಒಂದು ಚೂರೂ ಮಾಂಸ ಹಾಕಿಲ್ಲ" ಎಂದಳು. "ಬರೀ ಸೀಗಡಿ."

ಹೇಗಿದೆ ಹೇಳು ಎಂದು ಅಲ್ಲೇ ನಿಂತಳು. ನಾನು ಮುಚ್ಚಳ ತೆರೆಯದೆಯೇ, "ಮಸಾರಾಪ್ ಪೋ" ಎಂದೆ. ರುಚಿಯಾಗಿದೆ ರೀ ಎಂದು ಅರ್ಥ.