ಏಣಿ ತೆಗೆದವನ ತಪ್ಪೊಪ್ಪಿಗೆ

ಮನೆಯೊಳಗೆ ಜೇಡ ಕಂಡರೆ ಅದನ್ನು ಹೊಡೆಯದೆ, ಹಾಳೆಯ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಜಾತಿಯ ಮನುಷ್ಯ ನಾನು. ಕತ್ತಲಲ್ಲಿ ಕುರ್ಚಿಗೆ ಕಾಲು ತಾಗಿದರೆ ನಾನು ಕುರ್ಚಿಯ ಕ್ಷಮೆ ಕೇಳುತ್ತೇನೆಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳಿ ನಗುವುದುಂಟು. ಅದು ಸುಳ್ಳಲ್ಲವಾದ್ದರಿಂದ ನಾನೂ ಜೊತೆಗೆ ನಗುತ್ತೇನೆ. ಇಂಥ ನಾನು ಕಂಪ್ಯೂಟರಿನ ಆಟಗಳಲ್ಲಿ ಈವರೆಗೆ ಎಷ್ಟು ಜನರನ್ನು ನೀರಿಗೆ ಹಾಕಿದ್ದೇನೆ, ಎಷ್ಟು ಜನರನ್ನು ಬಾಗಿಲಿಲ್ಲದ ಕೋಣೆಯಲ್ಲಿ ಉಪವಾಸ ಕೆಡವಿದ್ದೇನೆ ಎಂಬ ಲೆಕ್ಕವನ್ನು ಮಾತ್ರ ಯಾವ ನೆಂಟರ ಮುಂದೆಯೂ ಒಪ್ಪಿಸಿಲ್ಲ.

ಕೋವಿ ಹಿಡಿದು ಓಡಾಡುವ ಆಟಗಳಲ್ಲಿ ನನ್ನಿಂದ ಯಾರಿಗೂ ಅಪಾಯವಿಲ್ಲ. ಶತ್ರು ಯಾವ ದಿಕ್ಕಿನಲ್ಲಿದ್ದಾನೆಂದು ತಿಳಿಯುವಷ್ಟರಲ್ಲಿ ನಾನೇ ಸತ್ತು ಬಿದ್ದಿರುತ್ತೇನೆ. ಎದುರಿನ ಪಾತ್ರಕ್ಕೆ ಕೊಡಬೇಕಾದ ಉತ್ತರವನ್ನು ನಾವೇ ಆಯ್ದುಕೊಳ್ಳುವ ಆಟಗಳಲ್ಲಂತೂ ಒರಟು ಉತ್ತರದತ್ತ ನನ್ನ ಬೆರಳೇ ಹೋಗುವುದಿಲ್ಲ. ಕೊಡಲಿ ಹಿಡಿದು ಅಟ್ಟಿಸಿಕೊಂಡು ಬಂದವನಿಗೂ ಸಮಾಧಾನದ ಮಾತನ್ನೇ ಹೇಳಿ ಕಳಿಸುತ್ತೇನೆ. ನನ್ನ ಕ್ರೌರ್ಯ ಹೊರಬರುವುದು ಆಡಳಿತ ಕೈಗೆ ಸಿಕ್ಕಾಗ. ಅದರಲ್ಲಿ ಕೋಪವಿರುವುದಿಲ್ಲ, ರಕ್ತದ ಹನಿಯೂ ಇರುವುದಿಲ್ಲ. ಕಡತಕ್ಕೆ ಸಹಿ ಹಾಕಿದಷ್ಟು ಅಚ್ಚುಕಟ್ಟಾಗಿ ಎಲ್ಲವೂ ಮುಗಿದುಹೋಗುತ್ತದೆ.

1999ರಲ್ಲಿ ಬಂದ ‘ರೋಲರ್‌ಕೋಸ್ಟರ್ ಟೈಕೂನ್’ ಆಟವನ್ನೇ ನೋಡಿ. ಕ್ರಿಸ್ ಸಾಯರ್ ಅದರ ಬಹುಭಾಗವನ್ನು ಅಸೆಂಬ್ಲಿ ಭಾಷೆಯಲ್ಲಿ, ಯಂತ್ರದ ಮಟ್ಟಕ್ಕೆ ಇಳಿದು ಬರೆದರು. ಆ ಪರಿಶ್ರಮದ ಫಲವಾಗಿ ಮನರಂಜನಾ ಉದ್ಯಾನಕ್ಕೆ ಬರುವ ನೂರಾರು ಸಂದರ್ಶಕರಲ್ಲಿ ಯಾರ ಮೇಲೆ ಕ್ಲಿಕ್ಕಿಸಿದರೂ ಅವರ ಹಸಿವೆಷ್ಟು, ಬಾಯಾರಿಕೆಯೆಷ್ಟು, ಮನಸ್ಸಿನಲ್ಲಿ ಏನು ಓಡುತ್ತಿದೆ ಎಂಬುದೆಲ್ಲ ಕಾಣಿಸುತ್ತದೆ. ಜನರ ಮನಸ್ಸು ಹೀಗೆ ತೆರೆದ ಪುಸ್ತಕವಾಗಿ ಸಿಕ್ಕಾಗ ಒಳ್ಳೆಯ ಆಡಳಿತಗಾರ ಅವರ ಕಷ್ಟ ನಿವಾರಿಸುತ್ತಾನೆ. ನಾನು ಶೌಚಾಲಯದ ದರ ಏರಿಸಿದೆ. ಇಷ್ಟು ಹಣ ತೆತ್ತು ಒಳಗೆ ಹೋಗಲಾರೆ ಎಂದು ಒಬ್ಬ ಮನಸ್ಸಿನಲ್ಲೇ ಗೊಣಗಿದ್ದನ್ನು ಓದಿ, ಇನ್ನು ಎಷ್ಟು ಹೊತ್ತು ತಡೆದಾನೆಂದು ಕಾದೆ. ಮಳೆ ಸುರಿಯತೊಡಗಿದರೆ ಅಲ್ಲಿಯ ಜನ ಛತ್ರಿಗೆ ಕೇಳಿದಷ್ಟು ಕೊಡುತ್ತಾರೆಂಬುದು ತಿಳಿದ ಮೇಲೆ, ಮೋಡ ಕವಿದಾಗ ರೈತನಿಗಾಗುವಷ್ಟೇ ಸಂತೋಷ ನನಗೂ ಆಗತೊಡಗಿತು. ಸಂದರ್ಶಕರನ್ನು ಚಿಮಟದಿಂದ ಎತ್ತಿ ಬೇರೆಡೆ ಇಡುವ ಸೌಲಭ್ಯವೂ ಅದರಲ್ಲಿದೆ. ದಾರಿ ತಪ್ಪಿದವರಿಗೆ ನೆರವಾಗಲೆಂದು ಕೊಟ್ಟ ಆ ಚಿಮಟದಿಂದ ನಾನು ಒಬ್ಬ ಗೊಣಗುಬುರುಕನನ್ನು ಎತ್ತಿ ಕೆರೆಗೆ ಬಿಟ್ಟೆ. ಅವನು ಮುಳುಗಿದ ಸುದ್ದಿ ಪರದೆಯ ಮೇಲೆ ಬಂತು, ಹಿಂದೆಯೇ ಉದ್ಯಾನದ ರೇಟಿಂಗ್ ಇಳಿಯಿತು. ಆಗ ನನಗೆ ನಿಜವಾಗಿಯೂ ಸಂಕಟವಾಯಿತು, ರೇಟಿಂಗ್ ನೋಡಿ.

ಇದು ರಕ್ತದಲ್ಲೇ ಇದೆಯೆಂಬ ಅನುಮಾನ ಗಟ್ಟಿಯಾದದ್ದು ಮಗಳ ‘ಮೈನ್‌ಕ್ರಾಫ್ಟ್’ ಹಳ್ಳಿಗೆ ಹೋದಾಗ. ಹಳ್ಳಿಗರೆಲ್ಲ ಒಬ್ಬೊಬ್ಬರು ಒಂದೊಂದು ಗೂಡಿನಲ್ಲಿ, ಎದುರಿಗೆ ತಮ್ಮ ಕಸುಬಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅತ್ತ ಇತ್ತ ಕದಲಲಾರದೆ ನಿಂತಿದ್ದರು. ಅದಕ್ಕಿಂತ ಮಿಗಿಲಾದದ್ದು ಅವಳ ವ್ಯಾಪಾರದ ತಂತ್ರ. ಮೊದಲು ಹಳ್ಳಿಗನ ಮೇಲೆ ಜೊಂಬಿಯನ್ನು ಬಿಟ್ಟು ಅವನನ್ನೂ ಜೊಂಬಿಯಾಗಿಸಬೇಕು; ಆಮೇಲೆ ದುರ್ಬಲಗೊಳಿಸುವ ಮದ್ದು ಎರಚಿ, ಚಿನ್ನದ ಸೇಬು ತಿನ್ನಿಸಿ ಗುಣಪಡಿಸಬೇಕು. ಬದುಕಿಸಿದ ಉಪಕಾರಕ್ಕಾಗಿ ಅವನು ಅಂದಿನಿಂದ ಸರಕನ್ನು ಅಗ್ಗವಾಗಿ ಕೊಡುತ್ತಾನೆ.

“ಪಾಪ ಅನ್ನಿಸುವುದಿಲ್ಲವೇನೇ?” ಎಂದೆ.

“ಯಾಕಪ್ಪಾ? ಪುಸ್ತಕಕ್ಕೆ ಈಗ ಒಂದೇ ಪಚ್ಚೆ ಕೇಳುತ್ತಿದ್ದಾನೆ, ನೋಡು” ಎಂದಳು. ನನ್ನ ಛತ್ರಿಯ ದರ ಆ ಕ್ಷಣದಲ್ಲಿ ತೀರಾ ಬಾಲಿಶವಾಗಿ ಕಂಡಿತು.

ಆಟ ಕಟ್ಟುವವರಿಗೆ ನಮ್ಮಂಥವರ ಗುಟ್ಟು ಗೊತ್ತಿಲ್ಲದಿಲ್ಲ. 1991ರ ‘ಜೆಲ್ಡಾ’ ಆಟದಲ್ಲಿ ಸುಮ್ಮನೆ ಓಡಾಡಿಕೊಂಡಿರುವ ಕೋಳಿಯನ್ನು ಕತ್ತಿಯಿಂದ ಬಾರಿಸುತ್ತಲೇ ಹೋದರೆ ಅದು ಸಾಯುವುದಿಲ್ಲ; ಕೊನೆಗೆ ಅದರ ಬಳಗವೇ ಹಾರಿಬಂದು ಆಟಗಾರನನ್ನು ಕುಕ್ಕಿ ಹಾಕುತ್ತದೆ. ಪರದೆಯ ಮೇಲಿನ ಜನರ ಮನೆ, ಸಂಸಾರವನ್ನು ನಾವೇ ನಡೆಸುವ ‘ದಿ ಸಿಮ್ಸ್’ ಆಟದವರು ಇನ್ನಷ್ಟು ಸೌಮ್ಯವಾದ ಹಾದಿ ಹಿಡಿದರು. 2000ದ ಮೊದಲ ಆಟದಲ್ಲಿ ಈಜುಕೊಳದ ಏಣಿ ತೆಗೆದುಬಿಟ್ಟರೆ ಒಳಗಿದ್ದವನು ದಂಡೆ ಹತ್ತಲಾರದೆ, ದಣಿದು ಮುಳುಗುತ್ತಿದ್ದ. ನಾಲ್ಕನೆಯ ಆವೃತ್ತಿಯ ವೇಳೆಗೆ ಜನ ಏಣಿಯಿಲ್ಲದೆಯೂ ದಂಡೆ ಹತ್ತುವುದನ್ನು ಕಲಿತಿದ್ದರು. ಆಟಗಾರರು ಕೊಳದ ಸುತ್ತ ಗೋಡೆ ಕಟ್ಟುವುದನ್ನು ಕಲಿತರು.

ನನ್ನ ಕ್ರೌರ್ಯದಲ್ಲಿ ಕೋಪವಿಲ್ಲವೆಂದು ಮೇಲೆ ಬರೆದೆನಲ್ಲ, ಅದಕ್ಕೆ ಒಂದು ಅಪವಾದವಿದೆ. ಹೆಂಡತಿಯ ತಮ್ಮ ಎರಡು ದಿನದ ಮಟ್ಟಿಗೆಂದು ನಮ್ಮ ಏಣಿಯನ್ನು ಒಯ್ದು ಎಂಟು ತಿಂಗಳಾಗಿತ್ತು. ಕೇಳಲು ನನಗೆ ಸಂಕೋಚ. ಅದೇ ಹೊತ್ತಿಗೆ, 25 ವರ್ಷ ತುಂಬಿದ ನೆಪದಲ್ಲಿ ಆ ಹಳೆಯ ‘ಸಿಮ್ಸ್’ 2025ರಲ್ಲಿ ಮತ್ತೆ ಮಾರಾಟಕ್ಕೆ ಬಂತು. ನಾನು ಒಂದು ಮನೆ ಕಟ್ಟಿದೆ, ಅದರಲ್ಲಿ ಭಾವಮೈದುನನ ಹೆಸರಿನವನೊಬ್ಬನನ್ನು ಇರಿಸಿದೆ, ಹಿತ್ತಲಲ್ಲಿ ಕೊಳ ತೋಡಿಸಿ ಅವನನ್ನು ಈಜಲು ಕಳಿಸಿದೆ. ಉಳಿದದ್ದನ್ನು ಊಹಿಸಿಕೊಳ್ಳಬಹುದು. ಗೋರಿಕಲ್ಲು ಕೊಳದ ಪಕ್ಕದಲ್ಲೇ ಎದ್ದಿತು. ನಾನು ಅದರ ಸುತ್ತ ಹೂಗಿಡಗಳನ್ನೂ ಹಾಕಿಸಿದೆ.

ಮುಂದಿನ ಭಾನುವಾರ ಅವನು ಮನೆಗೆ ಬಂದಾಗ ನಾನು ಬಚ್ಚಲಿನಲ್ಲಿದ್ದೆ. ಹೊರಬಂದು ನೋಡುತ್ತೇನೆ, ಮಗಳು ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು, “ಮಾವ, ಇದು ನಿಮ್ಮದು!” ಎಂದು ಹೆಮ್ಮೆಯಿಂದ ಬೆರಳು ತೋರಿಸುತ್ತಿದ್ದಳು. ಹೆಂಡತಿ ಅವನ ಬೆನ್ನ ಹಿಂದೆ ನಿಂತು, ಕುರ್ಚಿಯ ಕ್ಷಮೆ ಕೇಳುವ ಮನುಷ್ಯ ಇವನೇ ಹೌದೋ ಅಲ್ಲವೋ ಎಂಬಂತೆ ನನ್ನನ್ನು ನೋಡಿದಳು. ಅವನು ಮಾತ್ರ ಬಹಳ ಹೊತ್ತು ಹೂಗಿಡಗಳನ್ನೇ ದಿಟ್ಟಿಸುತ್ತಿದ್ದ.

“ನಾನು ಎಷ್ಟು ಹೊತ್ತು ಈಜಿದೆ, ಭಾವ?” ಎಂದು ಕೊನೆಗೆ ಕೇಳಿದ.

“ಹೆಚ್ಚುಕಡಿಮೆ ಒಂದು ದಿನ,” ಎಂದೆ. ಆಟದ ಒಂದು ದಿನವೆಂದರೆ ನಮ್ಮ ಗಡಿಯಾರದ 24 ನಿಮಿಷವಷ್ಟೇ ಎಂಬುದನ್ನು ಆ ಗಳಿಗೆಯಲ್ಲಿ ವಿವರಿಸಲು ಮನಸ್ಸು ಬರಲಿಲ್ಲ.

ಅವನ ಮುಖದಲ್ಲಿ ತುಸು ಗೆಲುವು ಮೂಡಿತು. “ಪರವಾಗಿಲ್ಲವಲ್ಲ! ಮತ್ತೆ ಮೇಲೆ ಯಾಕೆ ಬರಲಿಲ್ಲ?”

“ಏಣಿ ಇರಲಿಲ್ಲ.”

ಆಮೇಲೆ ಅವನು ಹೆಚ್ಚು ಹೊತ್ತು ಕೂರಲಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ನಮ್ಮ ಏಣಿ ಹೊರಗಿನ ಗೋಡೆಗೆ ಒರಗಿ ನಿಂತಿತ್ತು. ಕೆಳಗಿನಿಂದ ಮೂರನೆಯ ಮೆಟ್ಟಿಲು ಮುರಿದಿತ್ತು. ಆ ಸಂಜೆ ನಾನು ಕಂಪ್ಯೂಟರಿನ ಮುಂದೆ ಕುಳಿತು, ಕೊಳದ ನೀರನ್ನು ಬದಲಿಸದೆ, ಹೊಸ ಸಂಸಾರವೊಂದನ್ನು ಆ ಮನೆಗೆ ತಂದಿರಿಸಿದೆ.