ಹೆಗಲು ಮುಟ್ಟಿಕೊಳ್ಳದವರು

ಜಾಲತಾಣಗಳ ಸುಳ್ಳುಸುದ್ದಿಯ ವಿರುದ್ಧ ರಾಜಕಾರಣಿಯೊಬ್ಬರು ಮಾತಿಗೆ ನಿಂತರೆಂದರೆ, ಅವರು ಏನು ಹೇಳುತ್ತಾರೆ ಎಂಬುದಕ್ಕಿಂತ ಸುಳ್ಳನ್ನು ಯಾವುದಕ್ಕೆ ಹೋಲಿಸುತ್ತಾರೆ ಎಂಬುದರ ಮೇಲೆಯೇ ನನ್ನ ಕಿವಿ. ಒಬ್ಬರಿಗೆ ಅದು ಪಿಡುಗು, ಇನ್ನೊಬ್ಬರಿಗೆ ವಿಷ, ಮತ್ತೊಬ್ಬರಿಗೆ ಕಾಳ್ಗಿಚ್ಚು. 2016ರ ಡಿಸೆಂಬರಿನಲ್ಲಿ, ಚುನಾವಣೆ ಸೋತು ತಿಂಗಳಾಗಿದ್ದ ಹಿಲರಿ ಕ್ಲಿಂಟನ್ ಒಂದೇ ವಾಕ್ಯದಲ್ಲಿ ಅದನ್ನು ಸಾಂಕ್ರಾಮಿಕವೆಂದು ಕರೆದು, ಜಾಲತಾಣಗಳಿಗೆ ನೆರೆಯಂತೆ ನುಗ್ಗಿತೆಂದೂ ಹೇಳಿಬಿಟ್ಟರು. ಕಾವ್ಯದಲ್ಲಾದರೆ ಇಂಥ ಬೆರಕೆಯನ್ನು ದೋಷವೆನ್ನುತ್ತಾರೆ; ಭಾಷಣದಲ್ಲಿ ಯಾರೂ ಲೆಕ್ಕವಿಡುವುದಿಲ್ಲ.

ಈ ಹೋಲಿಕೆಗಳಲ್ಲೊಂದು ಅನುಕೂಲವಿದೆ. ರೋಗ ಹರಡಿತು, ನೆರೆ ಬಂತು ಎನ್ನುವಾಗ ವಾಕ್ಯದಲ್ಲಿ ಮನುಷ್ಯನೇ ಇರುವುದಿಲ್ಲ. ಸುಳ್ಳನ್ನು ಬರೆದವರು, ಬರೆಸಿದವರು, ಚುನಾವಣೆಯಲ್ಲಿ ಅದರ ಲಾಭ ಉಂಡವರು ಎಲ್ಲರೂ ವ್ಯಾಕರಣದ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟಿರುತ್ತಾರೆ. ರೋಗವಿದ್ದಲ್ಲಿ ವೈದ್ಯನೊಬ್ಬ ಬೇಕಲ್ಲ, ಆ ಖಾಲಿ ಕುರ್ಚಿಯಲ್ಲಿ ಭಾಷಣಕಾರರೇ ಕುಳಿತುಕೊಳ್ಳುತ್ತಾರೆ.

ಇನ್ನೊಂದು ಬಗೆಯವರಿಗೆ ಹೋಲಿಕೆಯ ಹಂಗೂ ಇಲ್ಲ. 2017ರ ಜನವರಿ 11ರಂದು ಡೊನಾಲ್ಡ್ ಟ್ರಂಪ್ ಸಿಎನ್‌ಎನ್ ವರದಿಗಾರರೊಬ್ಬರಿಗೆ ‘ನೀವೇ ಫೇಕ್ ನ್ಯೂಸ್’ ಎಂದರು. ಸುದ್ದಿಗಿದ್ದ ಹೆಸರು ಸುದ್ದಿಗಾರನಿಗೆ ಅಂಟಿಕೊಂಡಿತು. ಆ ಪದ ಎಷ್ಟು ಸವೆಯಿತೆಂದರೆ, ಸರ್ಕಾರ ಅದನ್ನು ಬಳಸುವುದನ್ನೇ ಬಿಡಬೇಕೆಂದು 2018ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಸಲಹೆ ನೀಡಿತು, ಸರ್ಕಾರ ಒಪ್ಪಿತು ಕೂಡ. ಸುಳ್ಳನ್ನು ಬಿಡಿಸುವುದಕ್ಕಿಂತ ಪದವನ್ನು ಬಿಡುವುದು ಸುಲಭ, ಪಾಪ.

ಒಪ್ಪಿಸುವ ಮಾತಿಗೆ ಅರಿಸ್ಟಾಟಲ್ ಮೂರು ಆಸರೆಗಳನ್ನು ಹೇಳಿದ್ದ: ಆಡುವವನ ಶೀಲ, ಕೇಳುವವರ ಭಾವ, ಮಾತಿನ ತರ್ಕ. ಸುಳ್ಳುಸುದ್ದಿಯ ಭಾಷಣಗಳಲ್ಲಿ ಮೂರನೆಯದು ಸದಾ ಬಡಕಲು, ಅದಕ್ಕೆ ಕಾರಣವೂ ಇದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದು, ಸುಳ್ಳು ನಿಜಕ್ಕಿಂತ ವೇಗವಾಗಿ ಹರಡುವುದಕ್ಕೆ ಮುಖ್ಯವಾಗಿ ಕಾರಣರಾದವರು ಯಂತ್ರಗಳಲ್ಲ, ಮನುಷ್ಯರೇ ಎಂದು ತೋರಿಸಿತು. ತರ್ಕವನ್ನೇ ಹಿಡಿದು ಹೊರಟರೆ, ಭಾಷಣಕಾರರು ಮತದಾರರ ಮುಖ ನೋಡಿ ‘ಹರಡಿದವರು ನೀವೇ’ ಎನ್ನಬೇಕಾಗುತ್ತದೆ. ಯಾರು ಅಂದಾರು? ಅದರ ಬದಲು ‘ನೀವು ಬುದ್ಧಿವಂತರು, ಇಂಥದಕ್ಕೆಲ್ಲ ಮರುಳಾಗುವವರಲ್ಲ’ ಎನ್ನುತ್ತಾರೆ. ನಾವೂ, ಹೌದಲ್ಲವೇ ಎಂದು ಬೆನ್ನು ನೇರ ಮಾಡಿಕೊಂಡು ಕೂರುತ್ತೇವೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ಇಲ್ಲಿ ಕೆಲಸ ಮಾಡುವುದಿಲ್ಲ. ವೇದಿಕೆಯ ಮೇಲಿನವರೂ ಮುಟ್ಟಿಕೊಳ್ಳುವುದಿಲ್ಲ, ಕೆಳಗೆ ಕುಳಿತವರೂ ಇಲ್ಲ. ನನ್ನ ಕೈಗಂತೂ ಬಿಡುವೇ ಇರುವುದಿಲ್ಲ. ಆ ಭಾಷಣದ ಅರ್ಧ ನಿಮಿಷದ ತುಣುಕನ್ನು, ಪೂರ್ತಿ ಕೇಳುವ ಮೊದಲೇ, ಅದು ನಾಲ್ಕು ಗುಂಪುಗಳಿಗೆ ಕಳುಹಿಸುತ್ತಿರುತ್ತದೆ.