ಗರ್ಭಪಾತವಾದರೂ ಸಂಬಳದ ರಜೆ ಇದೆ: ಒಂದು ಸ್ಪಷ್ಟನೆ

‘ಮಗು ಹುಟ್ಟಿದರೆ ಮಾತ್ರ ಹೆರಿಗೆ ರಜೆ, ಗರ್ಭ ನಿಲ್ಲದಿದ್ದರೆ ಸಿಕ್ ಲೀವ್ ಹಾಕಿಕೊಳ್ಳಬೇಕು’ ಎಂಬ ವಾಟ್ಸಾಪ್ ಸಂದೇಶ ಗಾರ್ಮೆಂಟ್ ಕಾರ್ಖಾನೆಗಳ ಸೂಪರ್‌ವೈಸರ್‌ಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು. ಗರ್ಭಪಾತವಾದ ಮರುದಿನದಿಂದ 6 ವಾರ ಸಂಬಳ ಸಹಿತ ರಜೆ ಕೊಡಲೇಬೇಕು. ಅದಕ್ಕೆ ಬೇಕಿರುವುದು ವೈದ್ಯರ ಪ್ರಮಾಣಪತ್ರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇದ್ದ ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಈ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯುವಂತಿಲ್ಲ.

ಗರ್ಭಪಾತವಾದ ನಾಲ್ಕನೇ ದಿನಕ್ಕೇ ಕೆಲಸಕ್ಕೆ ಬಂದು, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಕಾಲರ್ ಹೊಲಿಯುತ್ತಿದ್ದ ಹುಡುಗಿಯನ್ನು ನಾನೇ ನೋಡಿದ್ದೇನೆ. ರಜೆ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೂಪರ್‌ವೈಸರ್‌ಗಳೇ, ದಯವಿಟ್ಟು ನೀವೇ ಮೊದಲು ಹೇಳಿ. ಕಾರಣವನ್ನು ಎಲ್ಲರೆದುರು ಕೇಳಬೇಡಿ; ಆಸ್ಪತ್ರೆಯ ಚೀಟಿ ಎಚ್‌ಆರ್ ಕೈಗಷ್ಟೇ ಹೋಗಲಿ.